ಹಾಳೆ ಒಣಗಿಸಿಕೊಟ್ಟವರಿಗೆ

ಈ ಮಳೆಗಾಲದಲ್ಲಿ ನನ್ನ ಹೊಸ ಕಾದಂಬರಿ ಮುಗಿಯಿತು. ದೀಪಾವಳಿ ಹೊತ್ತಿಗೆ ಪುಸ್ತಕ ಬರುತ್ತದೆ. ಬರುತ್ತಿರುವುದು ನಿಮ್ಮ ದಯೆಯಿಂದ. ನೀವು ಯಾರು ಅಂತಲೇ ನನಗೆ ಗೊತ್ತಿಲ್ಲ.

ಪ್ರೇಮಕಥೆಗಳನ್ನು ನಾನು ಇನ್ನೂ ಕೈಯಲ್ಲೇ ಬರೆಯುವವಳು. ಆಷಾಢದಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವಾಗ 140 ಹಾಳೆಯ ಕಟ್ಟನ್ನು ಬಸ್ಸಿನಲ್ಲಿ ಸೀಟಿನ ಕೆಳಗೆ ಮರೆತು ಇಳಿದೆ. ಜೆರಾಕ್ಸ್ ಕೂಡ ಮಾಡಿಸಿರಲಿಲ್ಲ. ಪೆದ್ದುತನ, ಅಲ್ವಾ? ಆ ಬಸ್ಸೋ, ಕಿಟಕಿ ಮುಚ್ಚಿದರೂ ಒಳಗೆ ಸೋರುವಂಥದ್ದು.

ಎಂಟನೇ ದಿನ ಪಾರ್ಸೆಲ್ ಬಂತು. ಮೊದಲ ಹಾಳೆಯಲ್ಲಿ ನನ್ನ ವಿಳಾಸ ಇದ್ದದ್ದೇ ಪುಣ್ಯ. ಕಳಿಸಿದವರ ಹೆಸರಿಲ್ಲ. ಬಿಚ್ಚಿದರೆ ಹೊಗೆಯ ವಾಸನೆ. ಮಲೆನಾಡಿನ ಮಳೆಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ನೀವು ಒಂದೊಂದೇ ಹಾಳೆ ಬಿಡಿಸಿ, ಬಚ್ಚಲ ಒಲೆಯ ಹತ್ತಿರ ಹರಡಿ ಒಣಗಿಸಿರಬೇಕು. ಶಾಯಿ ಕಲೆಸಿಹೋದ ಕಡೆ ಪೆನ್ಸಿಲ್‌ನಲ್ಲಿ ಅಕ್ಷರ ತಿದ್ದಿದ್ದೀರಿ. ಪುಟಸಂಖ್ಯೆ ಹಾಕುವ ಅಭ್ಯಾಸ ನನಗಿಲ್ಲ. ಆದರೂ ಎಲ್ಲವೂ ಸರಿಯಾಗಿ ಜೋಡಣೆಯಾಗಿದೆ. ಅಂದರೆ ಪೂರ್ತಿ ಓದಿದ್ದೀರಿ!

ಕಥೆ ಮದುವೆಯಾದ ಮೊದಲ ಆಷಾಢದ್ದು. ಹೆಂಡತಿ ತವರಿಗೆ ಹೋಗಿದ್ದಾಳೆ. ಗಂಡ ಶ್ರಾವಣಕ್ಕೆ ಕಾಯುತ್ತಾನೆ. ನಾನು ಅವನನ್ನು ಸುಮ್ನೆ ಕಾಯಿಸಿಬಿಟ್ಟಿದ್ದೆ. ಒಂದು ಪುಟದ ಅಂಚಿನಲ್ಲಿ ನೀವು ಸಣ್ಣಗೆ ಬರೆದಿದ್ದೀರಿ: "ಇಷ್ಟು ಪ್ರೀತಿ ಇರೋನು ಒಂದು ಸಲ ಹಿತ್ತಲ ಬಾಗಿಲಿಗಾದರೂ ಬರದೆ ಇರ್ತಾನಾ?"

ಬಂದ ನೋಡಿ. ಹನ್ನೊಂದನೇ ಅಧ್ಯಾಯ ಪೂರ್ತಿ ಹೊಸದಾಗಿ ಬರೆದೆ. ಛತ್ರಿಯನ್ನೂ ಮರೆತು ಬಂದಿದ್ದಾನೆ, ನನ್ನ ಹಾಗೇ.

ತುಂಬಾ ಥ್ಯಾಂಕ್ಸ್. ಮೊದಲ ಪ್ರತಿ ನಿಮಗೆಂದು ಎತ್ತಿಟ್ಟಿರುತ್ತೇನೆ. ಈ ಸಲವಾದರೂ ನಿಮ್ಮ ವಿಳಾಸ ಬರೆದು ಕಳಿಸಿ.