ಚರಣಗಳ ನಡುವೆ ನುಡಿಸಿದವರಿಗೆ ವಂದನೆ

ವಯಸ್ಸಾಗುತ್ತಿರುವವನೊಬ್ಬ ತನ್ನ ಹಳೆಯ ವರ್ಷಗಳನ್ನು ನೆನೆಯುವ ‘ಇಟ್ ವಾಸ್ ಎ ವೆರಿ ಗುಡ್ ಇಯರ್’ ಎಂಬ ಅಮೆರಿಕದ ಹಾಡನ್ನು ಬೆಂಗಳೂರಿನಲ್ಲಿ ತಂತಿವಾದ್ಯಗಳ ಸಮೇತ ಕೇಳಿಸಬೇಕೆಂಬ ನಮ್ಮ ಬಳಗದ ಆಸೆ ಕೊನೆಗೂ ಕೈಗೂಡಿತು. ಚಪ್ಪಾಳೆಯೆಲ್ಲ ಹಾಡಿದವರಿಗೇ ಸಂದಿತು, ಅದು ಸಹಜ. ಈ ಬರಹ ಉಳಿದವರಿಗೆ. ನೆರವಾದ ಹಲವರು ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಅವರವರು ಮಾಡಿದ ಕೆಲಸವನ್ನೇ ಹೇಳಿ ಕೈಮುಗಿಯುತ್ತೇವೆ.

ಮೊದಲ ವಂದನೆ ಹಾಡು ಕಟ್ಟಿದವರಿಗೆ. ಎರ್ವಿನ್ ಡ್ರೇಕ್ ಇದನ್ನು 1961ರಲ್ಲಿ ಬರೆದದ್ದು ಕಿಂಗ್‌ಸ್ಟನ್ ಟ್ರಯೋ ತಂಡದ ಬಾಬ್ ಶೇನ್ ಹಾಡಲೆಂದು. ಬರೆದವರು ನಲವತ್ತರ ಆಸುಪಾಸಿನಲ್ಲಿದ್ದರು, ಹಾಡಿದವರಿಗೆ ಮೂವತ್ತೂ ತುಂಬಿರಲಿಲ್ಲ. ಹಾಡಿಗೆ ತಕ್ಕ ವಯಸ್ಸಿನ ಗಂಟಲು ಸಿಕ್ಕಿದ್ದು 1965ರ ಏಪ್ರಿಲ್‌ನಲ್ಲಿ. ಫ್ರಾಂಕ್ ಸಿನಾತ್ರಾಗೆ ಆಗ 49. ಐವತ್ತರ ಹೊಸ್ತಿಲಿಗೆಂದೇ ರೂಪಿಸಿದ ‘ಸೆಪ್ಟೆಂಬರ್ ಆಫ್ ಮೈ ಇಯರ್ಸ್’ ಆಲ್ಬಮ್‌ಗಾಗಿ ಹಾಲಿವುಡ್‌ನಲ್ಲಿ ಹಾಡಿದರು, ವಾದ್ಯ ಸಂಯೋಜನೆ ಗಾರ್ಡನ್ ಜೆಂಕಿನ್ಸ್ ಅವರದು. ಆಲ್ಬಮ್‌ಗೂ ಈ ಹಾಡಿನ ಗಾಯನಕ್ಕೂ ಜೆಂಕಿನ್ಸ್ ಅವರ ಸಂಯೋಜನೆಗೂ ಗ್ರ್ಯಾಮಿ ಬಂತು. ನಮ್ಮ ಲೆಕ್ಕದಲ್ಲಿ ಮೂರನೆಯದೇ ಹೆಚ್ಚು ತೂಕದ್ದು.

ಯಾಕೆಂದರೆ, ಹಾಡಿನಲ್ಲಿರುವುದು ನಾಲ್ಕೇ ಚರಣ, ಅದೇ ಧಾಟಿ, ಬೇರೆ ಪಲ್ಲವಿಯಿಲ್ಲ. ಮೊದಲನೆಯದು 17ರ ವಯಸ್ಸು, ಎರಡನೆಯದು 21, ಮೂರನೆಯದು 35. ನಾಲ್ಕನೆಯದರಲ್ಲಿ ಅಂಕಿಯೇ ಇಲ್ಲ, ದಿನಗಳು ಮೊಟಕಾಗುತ್ತಿವೆ ಎಂಬ ಮಾತಷ್ಟೇ. ನಾಲ್ಕು ವರ್ಷದ ಜಿಗಿತ, ಹದಿನಾಲ್ಕು ವರ್ಷದ ಜಿಗಿತ, ಆಮೇಲಿನದಕ್ಕೆ ಲೆಕ್ಕವಿಲ್ಲ. ಆ ನಡುವಿನ ವರ್ಷಗಳ ಬಗ್ಗೆ ಸಾಹಿತ್ಯ ತುಟಿ ಬಿಚ್ಚುವುದಿಲ್ಲ. ಅವನ್ನು ಕಳೆಯುವುದು ಓಬೋ ಎಂಬ ಊದುವ ವಾದ್ಯ ಮತ್ತು ತಂತಿವಾದ್ಯಗಳು. ಚರಣಗಳ ನಡುವೆ ಬರಿಯ ವಾದ್ಯದ ಭಾಗ (ಇಂಟರ್‌ಲ್ಯೂಡ್) ಬಂದಾಗ ಪಕ್ಕದವರೊಡನೆ ಮಾತಿಗಿಳಿಯುವ ನಮ್ಮ ಸಭೆಗಳ ರೂಢಿಗೆ ಈ ಹಾಡು ಒಗ್ಗುವುದಿಲ್ಲ.

ಆದ್ದರಿಂದ ದೊಡ್ಡ ನಮಸ್ಕಾರ ನಾಲ್ವರು ಪಿಟೀಲು ವಾದಕರಿಗೆ. ನಾಲ್ವರೂ ಕರ್ನಾಟಕ ಸಂಗೀತದವರು, ವಾದ್ಯ ಸ-ಪ-ಸ-ಪ ಶ್ರುತಿಯಲ್ಲಿರುತ್ತದೆ. ಇಲ್ಲಿ ಬೇಕಾದದ್ದು ಪಾಶ್ಚಾತ್ಯ ಪಿಟೀಲಿನ ಶ್ರುತಿ, ಜಿ-ಡಿ-ಎ-ಇ. ಗಂಡುಧ್ವನಿಗೆ ಪಕ್ಕವಾದ್ಯ ನುಡಿಸುವವರ ನಾಲ್ಕನೆಯ ತಂತಿ ‘ಇ’ಗಿಂತ ಹಲವು ಅರ್ಧಸ್ವರ (ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರ) ಕೆಳಗಿರುತ್ತದೆ. ಅದನ್ನೇ ಬಿರಡೆ ತಿರುಗಿಸಿ ಒಂದೇ ಸಲ ಏರಿಸಿದರೆ ತಂತಿ ಪಟ್ಟೆಂದು ಹೋಗುತ್ತದೆ, ಹೊಸ ‘ಇ’ ತಂತಿಯನ್ನೇ ಹಾಕಬೇಕು. ಉಳಿದ ಮೂರನ್ನು ಎರಡು ದಿನ ಮೊದಲೇ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು, ಇಲ್ಲವಾದರೆ ವೇದಿಕೆಯ ಮೇಲೆ ಶ್ರುತಿ ಜಾರುತ್ತಲೇ ಇರುತ್ತದೆ. ಬಿಗಿಯುವಾಗ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ತಲೆ ಬಿರಡೆಗಳ ಕಡೆಗೆ ವಾಲುತ್ತದೆ. ಪ್ರತಿ ಸಲವೂ ಎರಡು ಕೈಯ ಬೆರಳುಗಳಿಂದ ಹಿಡಿದು ನೆಟ್ಟಗೆ ಮಾಡದಿದ್ದರೆ ಅದು ಬಿದ್ದು ಮೇಲ್ಹಲಗೆಗೇ ಪೆಟ್ಟು.

ಬೆರಳುಗಳದ್ದು ಇನ್ನೊಂದು ಪಾಡು. ಸ-ಪ-ಸ-ಪದಲ್ಲಿ ಎರಡನೆಯ ತಂತಿಗೂ ಮೂರನೆಯದಕ್ಕೂ ಇರುವ ದೂರ ಪಂಚಮದಿಂದ ಮೇಲಿನ ಷಡ್ಜದವರೆಗೆ, ಅಂದರೆ ಐದು ಅರ್ಧಸ್ವರ. ಜಿ-ಡಿ-ಎ-ಇಯಲ್ಲಿ ಎಲ್ಲ ತಂತಿಗಳ ನಡುವೆಯೂ ಏಳು. ವರ್ಷಗಟ್ಟಲೆ ಪಳಗಿದ ಕೈ ಡಿಯಿಂದ ಎಗೆ ದಾಟುವಾಗ ಪೂರ್ಣಸ್ವರದಷ್ಟು (ಎರಡು ಅರ್ಧಸ್ವರ) ತಪ್ಪುವುದು ಇದೇ ಕಾರಣಕ್ಕೆ. ಜೊತೆಗೆ ಗಮಕ ಬಿಟ್ಟು ಸ್ವರದ ಮೇಲೆ ನೇರವಾಗಿ ಕೂರಬೇಕು. ಜಾರುಬೆರಳಿನ ಅಭ್ಯಾಸವನ್ನು ನಾಲ್ಕೂವರೆ ನಿಮಿಷ ತಡೆಹಿಡಿಯುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ. ಪಿಟೀಲಿಗಿಂತ ತಗ್ಗು ದನಿಯ ವಿಯೋಲಾ, ಚೆಲ್ಲೋ ಒಂದೊಂದೇ ಇದ್ದರೂ ಬುಡ ಭದ್ರವಾಗಿತ್ತು.

ಓಬೋ ಭಾಗ ನುಡಿಸಿದ್ದು ಕ್ಲಾರಿನೆಟ್. ಮುಖವೀಣೆ ಯಾಕಾಗಬಾರದು ಎಂದು ಕೆಲವರು ಕೇಳಿದರು. ನಾದದಲ್ಲಿ ಅದೇ ಓಬೋದ ಹತ್ತಿರದ ದಾಯಾದಿ, ಅದಕ್ಕೂ ಜೋಡಿಪಟ್ಟಿಯ ಪೀಪಿ. ಆದರೆ ವಾದ್ಯದ ಶ್ರುತಿ ಒಂದಕ್ಕೇ ಕಟ್ಟುಬಿದ್ದಿರುತ್ತದೆ, ಆರು ತಂತಿವಾದ್ಯಗಳ ಮುಂದೆ ಅದರ ದನಿಯೂ ಜೋರು. ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಸ್ವರಲಿಪಿಯನ್ನು ಪೂರ್ಣಸ್ವರ ಮೇಲೆ ಬರೆದುಕೊಡಬೇಕು: ಕೇಳಬೇಕಾದದ್ದು ಡಿ ಆದರೆ ಹಾಳೆಯ ಮೇಲೆ ಇ. ರಾತ್ರಿ ಕೂತು ಇಡೀ ಭಾಗವನ್ನು ಹಾಗೆ ಏರಿಸಿ ಬರೆದವರಿಗೆ, ಗಾಯಕರ ಅನುಕೂಲಕ್ಕೆ ಎಲ್ಲವನ್ನೂ ಮತ್ತೆ ಎರಡು ಅರ್ಧಸ್ವರ ಇಳಿಸಿದವರಿಗೆ ವಿಶೇಷ ಕೃತಜ್ಞತೆ.

ಧ್ವನಿವರ್ಧಕದವರು ಕ್ಲಾರಿನೆಟ್‌ನ ಕೆಳತುದಿಯ ಅಗಲ ಬಾಯಿಗೆ ಮೈಕ್ ತುರುಕಲಿಲ್ಲ, ಅದು ನಮ್ಮ ಪುಣ್ಯ. ಅದರ ನಾದ ಹೆಚ್ಚಾಗಿ ಹೊರಬರುವುದು ಮೈಮೇಲಿನ ತೂತುಗಳಿಂದ. ಒಂದೂವರೆ ಅಡಿ ದೂರದಲ್ಲಿ, ವಾದ್ಯದ ನಡುಭಾಗಕ್ಕೆ ಗುರಿಯಿಟ್ಟರೆ ಎಲ್ಲ ಸ್ವರಗಳೂ ಸಮನಾಗಿ ಸಿಗುತ್ತವೆ. ಬಾಯಿಯ ಹತ್ತಿರ ಇಟ್ಟರೆ ಕೆಳಗಿನ ಸ್ವರಗಳು ಮಾತ್ರ ಗುಂಯ್‌ಗುಡುತ್ತವೆ.

ಕಿವಿಗೆ ಕ್ಲಿಕ್ (ಲಯ ಎಣಿಸುವ ಯಂತ್ರದ ಟಿಕ್‌ಟಿಕ್) ಹಾಕಿಕೊಳ್ಳದೆ ನುಡಿಸಿದ್ದು ಸರಿಯಾಯಿತು. ಪ್ರತಿ ವಯಸ್ಸಿನ ಚರಣವೂ ಆ ವಯಸ್ಸಿನಿಂದಲೇ ತೊಡಗಿ ಅದರಲ್ಲೇ ಮುಗಿಯುತ್ತದೆ. ಆ ಕೊನೆಯ ಪದವನ್ನು ಗಾಯಕ ಎಷ್ಟು ಎಳೆಯುತ್ತಾರೋ ಅಷ್ಟು ಕಾದು ಆಮೇಲೆ ಕಮಾನು ಇಡಬೇಕು. ನಿರ್ದೇಶಿಸಿದವರ ಎಡಗೈ ಮೇಲೆ ಎಲ್ಲರ ಕಣ್ಣಿತ್ತು. 35ರ ಚರಣದ ನಂತರದ ವಿರಾಮವನ್ನು ಅವರು ಉಳಿದವುಗಳಿಗಿಂತ ತುಸು ಹೆಚ್ಚೇ ಹಿಡಿದರು, ಯಾರೂ ಕೆಮ್ಮಲಿಲ್ಲ.

ಪರವಾನಗಿಯ ಓಡಾಟ ಮಾಡಿದವರಿಗೂ ಋಣಿ. ಹಾಡಿನ ಹಕ್ಕುಸ್ವಾಮ್ಯ ಇನ್ನೂ ಚಾಲ್ತಿಯಲ್ಲಿದೆ. ಸಾರ್ವಜನಿಕ ಪ್ರಯೋಗದ ಪರವಾನಗಿ ಪಡೆದರೆ ಹಾಡಬಹುದು, ಕನ್ನಡಕ್ಕೆ ತಂದು ಹಾಡಲು ಪ್ರಕಾಶಕರ ಒಪ್ಪಿಗೆ ಬೇರೆಯೇ ಬೇಕು. ಅದಕ್ಕೇ ಇಂಗ್ಲಿಷಿನಲ್ಲೇ ಹಾಡಿಸಿ, ಮೊದಲು ಕನ್ನಡದಲ್ಲಿ ನಾಲ್ಕು ಮಾತಿನ ಪರಿಚಯ ಹೇಳಿದೆವು. ಹಳೆಯ ಎಲ್‌ಪಿಯನ್ನು ಸಭೆಯಲ್ಲಿ ಹಾಕಿ ಕೇಳಿಸುವುದಾದರೆ ಧ್ವನಿಮುದ್ರಣದ ಹಕ್ಕಿನ ಪರವಾನಗಿ ಮತ್ತೊಂದು.

ಕಾಫಿ, ಕುರ್ಚಿ, ಗಾಡಿ ನೋಡಿಕೊಂಡವರಿಗೆ ಪ್ರತ್ಯೇಕವಾಗಿ ಫೋನ್ ಮಾಡುತ್ತೇವೆ. ತುಂಡಾದ ತಂತಿಗಳ ಬಿಲ್ ಇನ್ನೂ ಕೊಡದವರು ದಯವಿಟ್ಟು ಕಳಿಸಿ. ಸ್ವರಲಿಪಿ ಇಡುವ ಎರಡು ಕಪ್ಪು ಸ್ಟ್ಯಾಂಡ್‌ಗಳು ನಮ್ಮಲ್ಲೇ ಉಳಿದಿವೆ, ಒಂದರ ತಿರುಪು ಸಡಿಲವಿತ್ತು, ಸರಿ ಮಾಡಿಸಿದ್ದೇವೆ. ಯಾರದೆಂದು ತಿಳಿಸಿದರೆ ಮನೆಗೇ ತಂದುಕೊಡುತ್ತೇವೆ.