ಸೀಡರ್ ರ‍್ಯಾಪಿಡ್ಸ್ ಬಿಟ್ಟು ಹೊರಡುವ ಮುನ್ನ

ಬರುವ ಶನಿವಾರ ಮನೆಯ ಕೀಲಿ ಕೊಟ್ಟು ಹೊರಡುತ್ತಿದ್ದೇವೆ. ಇವರು ನಿವೃತ್ತರಾದರು, ಕೊನೆಯ ತಪಾಸಣೆಯೂ ಮುಗಿಯಿತು. ಇವರ ಕಾಯಿಲೆಯ ಆ ವರ್ಷಗಳ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ, ಮತ್ತೆ ಹೇಳುವುದಿಲ್ಲ.

1996ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಈ ಊರಿಗೆ ಬಂದಾಗ ಬೇಳೆ, ಹುಣಸೆಹಣ್ಣಿಗೆಂದು ನಾಲ್ಕು ತಾಸು ಕಾರು ಓಡಿಸಿ ಶಿಕಾಗೋಗೆ ಹೋಗುತ್ತಿದ್ದೆವು. ಗಾಳಿ ಇತ್ತ ತಿರುಗಿದರೆ ಬೀದಿಯೆಲ್ಲ ಕ್ವೇಕರ್ ಓಟ್ಸ್ ಕಾರ್ಖಾನೆಯ ಹುರಿದ ಧಾನ್ಯದ ಪರಿಮಳ. ಮೊದಲ ಚಳಿಗಾಲದಲ್ಲಿ ಅದಕ್ಕೇ ತೀರ್ಥಹಳ್ಳಿಯ ಅಡುಗೆಮನೆ ನೆನಪಾಗಿ ಅತ್ತಿದ್ದೇನೆ.

ಸರದಿಯಂತೆ ಬಾಗಿಲಿಗೆ ಸಾರು, ಅನ್ನ ತಂದಿಟ್ಟ ಕನ್ನಡದ ಗೆಳತಿಯರು, ಇವರ ಸಹೋದ್ಯೋಗಿಗಳು, ನರ್ಸ್‌ಗಳು, ಎಲ್ಲರಿಗೂ ಕೈಮುಗಿಯುತ್ತೇನೆ. ಒಬ್ಬರ ಬಗ್ಗೆ ಮಾತ್ರ ಬಿಡಿಸಿ ಬರೆಯಬೇಕು.

ಪಕ್ಕದ ಮನೆಯ ಅಜ್ಜಿ. ನಮ್ಮ ಬೀದಿಗೆ ಅವರು ಬಂದದ್ದೇ ಎಲ್ಲ ಕಳೆದುಕೊಂಡು. 2008ರ ಜೂನ್ 13ರಂದು ಸೀಡರ್ ನದಿ 31.12 ಅಡಿಗೆ ಏರಿತು. ಅದಕ್ಕೆ ಮುಂಚಿನ ದಾಖಲೆ 20 ಅಡಿ. ಹತ್ತು ಚದರ ಮೈಲಿಯಷ್ಟು ಊರು ಮುಳುಗಿತು, ಟೈಮ್ ಚೆಕ್ ಬಡಾವಣೆಯ ಅವರ ಮನೆಯೂ. ಆಮೇಲೆ ನಗರಾಡಳಿತ ಕೊಂಡು ಕೆಡವಿದ ಮನೆಗಳಲ್ಲಿ ಅದೂ ಒಂದು. ಈಗ ಅಲ್ಲಿ ಬರೀ ಹುಲ್ಲು. ಹೊಸ ಮನೆಗೆ ಅವರು ಮೊದಲು ಕೊಂಡದ್ದು ಜನರೇಟರ್ ಎಂದು ಕೇಳಿದಾಗ, ತುಂಗೆಯ ನೆರೆ ನೋಡಿ ಬೆಳೆದ ನನಗೂ ಅರ್ಥವಾಗಿರಲಿಲ್ಲ.

2020ರ ಆಗಸ್ಟ್ 10ರ ಮಧ್ಯಾಹ್ನ ಡೆರೇಚೊ ಬಂತು, ನೂರಾರು ಮೈಲಿ ನೇರವಾಗಿ ನುಗ್ಗುವ ಗುಡುಗು-ಬಿರುಗಾಳಿ. ಸುಮಾರು ಮುಕ್ಕಾಲು ಗಂಟೆ, ಗಂಟೆಗೆ 140 ಮೈಲಿಯವರೆಗಿನ ಗಾಳಿ. ಊರಿನ ಅರ್ಧಕ್ಕಿಂತ ಹೆಚ್ಚು ಮರದ ನೆರಳು ಅವತ್ತೇ ಹೋಯಿತು. ಕರೆಂಟಿಲ್ಲ, ಫೋನಿಲ್ಲ, ರಸ್ತೆ ತುಂಬ ಮರ. ಒಳಗೆ ಇವರ ಚಿಕಿತ್ಸೆಯ ಯಂತ್ರದ ಬ್ಯಾಟರಿ ಇಳಿಯುತ್ತಿತ್ತು. ಕತ್ತಲಾಗುವ ಮೊದಲು ಅಜ್ಜಿ ಜನರೇಟರ್ ಎಳೆದು ತಂದು, ಮನೆಯಿಂದ ದೂರ ನಿಲ್ಲಿಸಿ, ಕಿತ್ತಳೆ ಬಣ್ಣದ ಉದ್ದ ವೈರನ್ನು ಕಿಟಕಿಯಿಂದ ಒಳಗೆ ಕೊಟ್ಟರು. ಕೋವಿಡ್ ಕಾಲ, ಒಳಗೆ ಬರಲಿಲ್ಲ. ಮಾಸ್ಕ್ ಹಾಕಿಕೊಂಡು ಹುಲ್ಲಿನ ಮೇಲೆ ಮಡಚುವ ಕುರ್ಚಿ ಹಾಕಿ ಕೂತರು. ಅವರ ಮನೆ ಕತ್ತಲಲ್ಲೇ ಇತ್ತು.

ಬೆಳಗಿನ ಜಾವ ಮೂರಕ್ಕೆ ಜನರೇಟರ್ ನಿಂತಿತು. "ಏನು ಮಾಡಿದಿರಿ ನೀವು!" ಎಂದು ಆ ಎಪ್ಪತ್ತೆಂಟರ ಹೆಂಗಸಿನ ಮೇಲೆ ಕಿರುಚಿದೆ. ಅವರು ಮಾತಾಡದೆ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಇಟ್ಟಿದ್ದ ಪೆಟ್ರೋಲ್ ತಂದು ಸುರಿದು, ಹಗ್ಗ ಎಳೆದರು. ಮೂರನೇ ಸಲಕ್ಕೆ ಶುರುವಾಯಿತು. "ನೀನು ಅವನ ಕೈ ಹಿಡಿದುಕೊಂಡು ಕೂತಿರು, ಇದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು. ಬೆಳಕು ಹರಿಯುವವರೆಗೂ ಎದ್ದು ಹೋಗಲಿಲ್ಲ.

ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು. "ಪ್ರವಾಹದ ವಾರ ನಾನು ಎಷ್ಟು ಜನರ ಮೇಲೆ ಕಿರುಚಿದ್ದೆ ಗೊತ್ತಾ?" ಎಂದು ನನ್ನ ಭುಜ ತಟ್ಟಿದರು.

ಇದನ್ನು ಮಗಳು ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾಳೆ. ನಿನ್ನೆ ಗ್ಯಾರೇಜ್ ಖಾಲಿ ಮಾಡುವಾಗ ಆ ಕಿತ್ತಳೆ ವೈರ್ ಸಿಕ್ಕಿತು, ಕೊಡಲು ಹೋದೆ. ನಿಮ್ಮ ಮನೆಗೆ ಬರುವವರಿಗೆ ಪುಟ್ಟ ಮಗುವಿದೆಯಂತೆ, ಅಲ್ಲೇ ಇರಲಿ ಎಂದರು. ಮತ್ತೆ ಮೊಳೆಗೆ ತೂಗುಹಾಕಿ ಬಂದೆ.