ಮಗಳಿಗೊಂದು ಪತ್ರ: ಹಾಡಿನ ಪುಸ್ತಕದೊಳಗೆ ಇಟ್ಟಿದ್ದು

ಪುಟ್ಟಿ,

ನೀನು ಹಾಡಿನ ಪುಸ್ತಕ ಬಿಚ್ಚುವ ಹೊತ್ತಿಗೆ ಬಸ್ಸು ಹಿರಿಯೂರು ದಾಟಿರುತ್ತದೆ. ಅದಕ್ಕೇ ಈ ಕಾಗದ ಅದರೊಳಗೆ ಇಟ್ಟೆ. ಗಣಪತಿ ಪೆಂಡಾಲಿನಲ್ಲಿ ಮೂರು ಗಂಟೆ ಮೈಕ್ ಬಿಡದೆ ಮಾತಾಡುವವನಿಗೆ ಮನೇಲಿ ಮಗಳ ಹತ್ತಿರ ಎರಡು ಮಾತು ಆಡಲು ಬಾಯಿ ಬರಲ್ಲ ಅಂತ ನಿಮ್ಮಮ್ಮ ನಗುತ್ತಾಳೆ. ನಗಲಿ ಬಿಡು.

"ಅಪ್ಪಾ, ಇನ್ಮೇಲೆ ಆರ್ಕೆಸ್ಟ್ರಾದಲ್ಲಿ ಹಾಡಲ್ಲ, ಬೆಂಗಳೂರಲ್ಲಿ ನನ್ನದೇ ಹಾಡು ಮಾಡ್ತೀನಿ" ಅಂತ ನೀನು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಮ್ನೆ ಫೋನ್ ಹಿಡಿದುಕೊಂಡು ಕೂತೆ. ನಮ್ಮ ಗಿಟಾರಿನವನು ಯಾವಾಗಲೋ ಕಳಿಸಿದ್ದ ಒಂದು ಹಳೇ ಅಮೆರಿಕನ್ ಟಿವಿ ಕಾರ್ಯಕ್ರಮ ಕಣ್ಣಿಗೆ ಬಿತ್ತು. ಹೊಂಬಣ್ಣದ ಕೂದಲನ್ನು ಎತ್ತರಕ್ಕೆ ಬಾಚಿಕೊಂಡ ಒಬ್ಬ ಸಣಕಲ ಉದ್ದನೆ ಮನುಷ್ಯ. ಕೋಟಿನ ತುಂಬ ಹರಳು, ಗಾಡಿ ಚಕ್ರ, ಕಳ್ಳಿಗಿಡದ ಕಸೂತಿ. ಕೋಟು ಬಿಚ್ಚಿ ತೋರಿಸಿದರೆ ಒಳಗಿನ ಅಸ್ತರಿನ ಮೇಲೂ ಹೊಳೆಯುವ ಹರಳಿನಲ್ಲಿ 'ಹಾಯ್' ಅಂತ ಬರೆದಿದೆ! ನನ್ನ ಮಿಂಚಿನ ಕೋಟು ನೋಡಿ ನೀನು ನಗುತ್ತಿದ್ದೆಯಲ್ಲ, ಇವನ ಮುಂದೆ ನಾನು ಸನ್ಯಾಸಿ.

ಯಾರಿವನು ಅಂತ ಹುಡುಕಿ ಓದಿದೆ. ಹೆಸರು ಪೋರ್ಟರ್ ವ್ಯಾಗನರ್. 1927ರಲ್ಲಿ ಮಿಸೌರಿಯ ವೆಸ್ಟ್ ಪ್ಲೇನ್ಸ್ ಕಡೆ ರೈತರ ಮನೆಯಲ್ಲಿ ಹುಟ್ಟಿದವನು. ಊರಿನ ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿ ಇಲ್ಲದಾಗ ಹಾಡುತ್ತಿದ್ದ. ಅಂಗಡಿ ಮಾಲೀಕನೇ ದುಡ್ಡು ಕೊಟ್ಟು ಊರಿನ ರೇಡಿಯೋದಲ್ಲಿ ಹಾಡಿಸಿದ. ಅಲ್ಲಿಂದ 1951ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೇಡಿಯೋ, 1955ರಲ್ಲಿ ಮೊದಲ ನಂಬರ್ ಒನ್ ಹಾಡು, 1957ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ. ಕಂಟ್ರಿ ಅಂದರೆ ಅಮೆರಿಕದ ಹಳ್ಳಿ ಕಡೆಯ ಸಂಗೀತ; ಅದನ್ನು ಹಾಡುವವರಿಗೆ ಆ ವೇದಿಕೆ ಹತ್ತಿದರೆ ಮುಗೀತು, ಮನೆಮನೆಗೂ ಹೆಸರು ಗೊತ್ತಾಗುತ್ತದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅವನ ಟಿವಿ ಕಾರ್ಯಕ್ರಮ. ಲೋಕಲ್ ಕೇಬಲ್‌ನಲ್ಲಿ ಭಾನುವಾರದ ಅರ್ಧ ಗಂಟೆ ನಡೆಸುವವನು ನಾನು, ಇನ್ನೇನು ನೋಡಲಿ? ಅವನದು 1960ರ ಸುಮಾರಿಗೆ ಶುರುವಾಗಿ 1981ರವರೆಗೆ ನಡೆಯಿತು. ದೇಶಕ್ಕೆಲ್ಲ ಒಂದೇ ಹೊತ್ತಿಗೆ ತೋರಿಸುವ ದೊಡ್ಡ ಚಾನೆಲ್ಲಿನದಲ್ಲ. ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡಿ ಊರೂರಿನ ಸ್ಟೇಷನ್‌ಗಳಿಗೆ ಕಳಿಸುವುದು, ಅವರು ತಮಗೆ ಅನುಕೂಲವಾದ ಹೊತ್ತಿಗೆ ಹಾಕಿಕೊಳ್ಳುವುದು. ಹಾಗೆ ಹರಡುತ್ತಾ ನೂರಕ್ಕೂ ಹೆಚ್ಚು ಸ್ಟೇಷನ್ ಆಯಿತು. ಪ್ರಾಯೋಜಕರು ಯಾರು ಗೊತ್ತಾ? ಚಟನೂಗಾ ಮೆಡಿಸಿನ್ ಕಂಪನಿ. ಹೊಟ್ಟೆ ಸಾಫ್ ಮಾಡುವ ಔಷಧಿ ಮಾರುವವರು! ನನ್ನ ಸೀರೆ ಅಂಗಡಿ ಜಾಹೀರಾತೇ ವಾಸಿ, ಅಲ್ವಾ?

ಅರ್ಧ ಗಂಟೆಯನ್ನು ಅವನು ಕಟ್ಟುವ ರೀತಿ ನೋಡಬೇಕು. ತಾನೊಂದು ಹಾಡು, ಪಿಟೀಲಿನವನಿಗೊಂದು ಅವಕಾಶ, ಹಲ್ಲಿಲ್ಲದವನ ಹಾಗೆ ವೇಷ ಹಾಕಿದ ಸ್ಪೆಕ್ ರೋಡ್ಸ್‌ನ ತಮಾಷೆ, ನಡುವೆ ಔಷಧಿ ಮಾತು, ಆಮೇಲೊಂದು ಭಕ್ತಿಗೀತೆ. ಬೇರೆಯವರು ಹಾಡುವಾಗ ಬದಿಗೆ ಸರಿದು ನಿಂತು ನಗುತ್ತಾ ನೋಡುತ್ತಾನೆ. ನಿರೂಪಕನ ಕಷ್ಟದ ಕೆಲಸ ಅದೇ. ಮಾತು ಯಾರು ಬೇಕಾದರೂ ಕಲಿಯಬಹುದು. ಬೇರೆಯವರಿಗೆ ಚಪ್ಪಾಳೆ ಬೀಳುವಾಗ ಮುಖ ಹೇಗಿಟ್ಟುಕೊಳ್ಳಬೇಕು ಅನ್ನೋದು ನನಗೆ ಇಪ್ಪತ್ತು ವರ್ಷವಾದರೂ ಪೂರ್ತಿ ಬಂದಿಲ್ಲ.

ಅವನ ಕಾರ್ಯಕ್ರಮದಲ್ಲಿ ನಾರ್ಮಾ ಜೀನ್ ಅಂತ ಒಬ್ಬ ಗಾಯಕಿ ಇದ್ದಳು. ಜನಕ್ಕೆ ಬಹಳ ಇಷ್ಟ. 1967ರಲ್ಲಿ ಅವಳು ಬಿಟ್ಟಳು. ಆ ಜಾಗಕ್ಕೆ ಟೆನೆಸಿ ಬೆಟ್ಟದ ಕಡೆಯ 21 ವರ್ಷದ ಹುಡುಗಿ ಬಂದಳು, ಡಾಲಿ ಪಾರ್ಟನ್. ಅವಳು ವೇದಿಕೆಗೆ ಬಂದರೆ ಜನ "ನಾರ್ಮಾ ಜೀನ್, ನಾರ್ಮಾ ಜೀನ್" ಅಂತ ಕೂಗುತ್ತಿದ್ದರಂತೆ. ಹರಿಹರದಲ್ಲಿ ನಿನ್ನ ಮೊದಲ ಪ್ರೋಗ್ರಾಮ್ ನೆನಪಾಯಿತು. ಹಳೇ ಗಾಯಕಿ ಬೇಕು ಅಂತ ಹಿಂದಿನ ಸಾಲಿನವರು ಶಿಳ್ಳೆ ಹೊಡೆದಿದ್ದರು. ನೀನು ಸೌಂಡ್ ಬಾಕ್ಸ್ ಹಿಂದೆ ನಿಂತು ದುಪಟ್ಟಾದ ತುದಿ ಕಚ್ಚುತ್ತಿದ್ದೆ. ನಾನು ನಿನ್ನ ಜೊತೆ ಯುಗಳಗೀತೆ ಎತ್ತಿಕೊಂಡೆ. ಪೋರ್ಟರ್ ಮಾಡಿದ್ದೂ ಅದನ್ನೇ. ಡಾಲಿಯ ಪಕ್ಕ ತಾನೇ ನಿಂತು ಜೋಡಿಹಾಡು ಹಾಡಿದ. ಅವಳ ದನಿಯ ಬಗ್ಗೆ ರೆಕಾರ್ಡ್ ಕಂಪನಿಯವರು ಅನುಮಾನ ಪಟ್ಟಾಗ, ನಷ್ಟವಾದರೆ ನನ್ನ ರಾಯಲ್ಟಿಯಲ್ಲಿ ಹಿಡಿದುಕೊಳ್ಳಿ ಅಂದನಂತೆ. 1968ರಲ್ಲಿ ಇಬ್ಬರಿಗೂ ಸೇರಿ ಪ್ರಶಸ್ತಿ ಬಂತು.

ಇಲ್ಲಿಯವರೆಗೂ ನಾನು ಖುಷಿಯಾಗಿ ಓದುತ್ತಿದ್ದೆ. ಮುಂದಿನದ್ದು ಓದುವಾಗ ಫೋನ್ ಪಕ್ಕಕ್ಕಿಟ್ಟು ನೀರು ಕುಡಿದು ಬಂದೆ.

ಐದು ವರ್ಷ ಇರ್ತೀನಿ ಅಂದಿದ್ದವಳು ಏಳು ವರ್ಷ ಇದ್ದಳು. ಆಮೇಲೆ ಹೊರಡ್ತೀನಿ ಅಂದಳು. ಅವನು ಒಪ್ಪಲಿಲ್ಲ. ಯಾವ ಹಾಡು, ಯಾವ ವಾದ್ಯ, ಎಲ್ಲ ತಾನೇ ಹೇಳಬೇಕು ಅನ್ನುವ ಸ್ವಭಾವ ಅವನದು. (ನಿಮ್ಮಮ್ಮ ಈ ಸಾಲು ಓದಿದರೆ ನನ್ನ ಕಡೆ ನೋಡುತ್ತಾಳೆ.) ದಿನಾ ಜಗಳ. ಮಾತಲ್ಲಿ ಮುಗಿಯಲ್ಲ ಅಂತ ಗೊತ್ತಾಗಿ ಡಾಲಿ ಮನೆಗೆ ಹೋಗಿ ಒಂದು ಹಾಡು ಬರೆದಳು. ಮಾರನೇ ದಿನ ಅವನ ಆಫೀಸಿಗೆ ಬಂದು ಕೂರಿಸಿ ಹಾಡಿದಳು. 'ಐ ವಿಲ್ ಆಲ್ವೇಸ್ ಲವ್ ಯೂ'. ವಿಟ್ನಿ ಹ್ಯೂಸ್ಟನ್ ಹಾಡಿದ್ದನ್ನು ನೀನು ಕಾಲೇಜ್ ಡೇಯಲ್ಲಿ ಹಾಡಿ ಬಹುಮಾನ ತಂದಿದ್ದೆಯಲ್ಲ, ಅದೇ. ನಾನು ಅದನ್ನು ಪ್ರೇಮಗೀತೆ ಅಂತಲೇ ತಿಳಿದಿದ್ದೆ. ಅದು ಕೆಲಸ ಬಿಡುವ ಕಾಗದ! ಅವನು ಅತ್ತುಬಿಟ್ಟನಂತೆ. ಹೋಗು, ಆದರೆ ಆ ರೆಕಾರ್ಡ್ ಮಾತ್ರ ನಾನೇ ಮಾಡಿಸಬೇಕು ಅಂದನಂತೆ. 1974ರಲ್ಲಿ ಅದು ನಂಬರ್ ಒನ್ ಆಯಿತು.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. 1979ರಲ್ಲಿ ಅವನು ಅವಳ ಮೇಲೆ ಕೇಸ್ ಹಾಕಿದ. ಒಪ್ಪಂದ ಮುರಿದಳು, ನನಗೆ ಪಾಲು ಬರಬೇಕು ಅಂತ ಕೇಳಿದ್ದು 30 ಲಕ್ಷ ಡಾಲರ್. ಕೋರ್ಟಿನ ಹೊರಗೆ ರಾಜಿಯಾಯಿತು. ಅಷ್ಟು ಅತ್ತವನು ಐದು ವರ್ಷದ ಮೇಲೆ ಲೆಕ್ಕ ಕೇಳಿದ. ಥೂ ಇವನ ಅಂತ ಬೈದೆ ನಾನು.

ಆಮೇಲೆ ನಿನಗೆ ನಾನೇ ಅಂದಿದ್ದು ನೆನಪಾಯಿತು. "ಹೋಗೋದಾದ್ರೆ ಹೋಗು, ನಾನು ಕಲಿಸಿದ ಹಾಡು ಒಂದೂ ಅಲ್ಲಿ ಹಾಡಬೇಡ." ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನೀನು ಎದ್ದು ಹೋದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಹದಿನೈದು ದಿನ ಆಯಿತು, ಆ ರೊಟ್ಟಿ ನನ್ನ ಕಣ್ಣಿಂದ ಹೋಗಿಲ್ಲ.

ಪೋರ್ಟರ್‌ಗೆ ವರ್ಷಗಳು ಹಿಡಿದವು. 1988ರಲ್ಲಿ ಡಾಲಿ ತನ್ನದೇ ಟಿವಿ ಕಾರ್ಯಕ್ರಮಕ್ಕೆ ಅವನನ್ನು ಕರೆದಳು. ಈ ಸಲ ನಿರೂಪಕಿ ಅವಳು, ಅತಿಥಿ ಅವನು. ಅದೇ ಹಾಡನ್ನು ಅವನಿಗೇ ಹಾಡಿದಳು. 2007ರ ಜುಲೈನಲ್ಲಿ, ಎಂಬತ್ತು ತುಂಬಲು ಕೆಲವೇ ದಿನ ಇದ್ದಾಗ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದು ರಾಕ್ ತಂಡದ ಕಛೇರಿಗೆ ಮುಂಚೆ ಹಾಡಿದ. ಮೊಮ್ಮಕ್ಕಳ ವಯಸ್ಸಿನವರು ಕುಣಿದರು. ಅಕ್ಟೋಬರ್ 28ಕ್ಕೆ ಹೋಗಿಬಿಟ್ಟ. ಕೊನೆಗಾಲದಲ್ಲಿ ಡಾಲಿ ಹೋಗಿ ನೋಡಿಕೊಂಡು ಬಂದಳು.

ನನಗೆ ಅಷ್ಟು ವರ್ಷ ಕಾಯುವ ತಾಳ್ಮೆ ಇಲ್ಲ. ಶುಗರ್ ಬೇರೆ ಇದೆ. ಆ ಮಾತು ವಾಪಸ್ ತಗೊಂಡಿದ್ದೀನಿ. ಅದಕ್ಕೇ ಪುಸ್ತಕ ನಿನ್ನ ಬ್ಯಾಗಿಗೆ ಹಾಕಿದ್ದು. ಎಲ್ಲ ಹಾಡು ನಿನ್ನದೇ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಸ್ವರ ನನ್ನವು, ಬೇಡ ಅನ್ನಿಸಿದರೆ ಅಳಿಸಿಕೋ.

ಇನ್ನೊಂದು. ನೀನೇ ಬರೆದ ಹಾಡಿನ ಹಕ್ಕು ಯಾರಿಗೂ ಬರೆದುಕೊಡಬೇಡ. ಎಲ್ವಿಸ್ ಪ್ರೀಸ್ಲಿ ಅಂಥ ದೊಡ್ಡ ಗಾಯಕ ಡಾಲಿಯ ಆ ಹಾಡು ಹಾಡುವುದಿತ್ತು. ಅವನ ಮ್ಯಾನೇಜರ್ ಅರ್ಧ ಹಕ್ಕು ಕೇಳಿದ್ದಕ್ಕೆ ಡಾಲಿ ಕೊಡಲ್ಲ ಅಂದಳು. ಅವತ್ತು ರಾತ್ರಿಯೆಲ್ಲ ಅತ್ತಳಂತೆ, ಆದರೂ ಕೊಡಲಿಲ್ಲ.

ಗಣಪತಿ ಹಬ್ಬಕ್ಕೆ ಹೊಸ ಹುಡುಗಿ ಬರುತ್ತಾಳೆ. ಜನ ನಿನ್ನ ಹೆಸರು ಕೂಗಿದರೆ ನಾನು ಅವಳ ಪಕ್ಕ ನಿಲ್ಲುತ್ತೇನೆ. ನಿನಗೆ ರೂಮ್ ಸಿಕ್ಕಿದ ಮೇಲೆ ಫೋನ್ ಮಾಡು. ಚಟ್ನಿಪುಡಿ ಡಬ್ಬಿ ಬಟ್ಟೆ ಕೆಳಗಿದೆ, ಮುಚ್ಚಳ ಸ್ವಲ್ಪ ಸಡಿಲ.

ನಿನ್ನ ಅಪ್ಪ